ಪೆನ್ನಿನ ಮಾಮನ ಸ್ಪ್ರಿಂಗು

ಪೆನ್ನಿನ ಮಾಮನನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ. ಗ್ರಾಹಕರ ಸಹಾಯ ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಕಚೇರಿ ಎಂದರೆ ಹಳೆಯ ಕಟ್ಟಡವೊಂದರ ನೆಲಮಹಡಿಯ ಒಂದೇ ಕೋಣೆ. ಎರಡು ಮೇಜು, ಬಾಗಿಲು ಪೂರ್ತಿ ಮುಚ್ಚದ ಕಬ್ಬಿಣದ ಬೀರು, ಒಂದು ಕಾಲಿನಡಿ ರಟ್ಟು ಮಡಚಿ ಇಟ್ಟ ಬೆಂಚು. ಮೇಲಿನ ಮಹಡಿಯಲ್ಲಿ ಆರು ಜನ ಹೆಂಗಸರು ಸೇರಿ ಕಂಪ್ಯೂಟರ್ ಕಸೂತಿ ಯಂತ್ರಗಳನ್ನು ಇಟ್ಟುಕೊಂಡಿದ್ದರು. ಆರೂ ಒಟ್ಟಿಗೆ ಓಡಿದರೆ ನಮ್ಮ ಸೀಲಿಂಗಿನ ಸುಣ್ಣ ಅರ್ಜಿಗಳ ಮೇಲೆ ಉದುರುತ್ತಿತ್ತು.

ಬಂದವರು ಬಾಗಿಲಲ್ಲೇ ನಿಂತರು. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ನೀಲಿ ದಾರ ಸುತ್ತಿತ್ತು. ಅಂಗಿಯ ಜೇಬಿನಲ್ಲಿ ಬೆರಳುದ್ದದ ಟಾರ್ಚು, ಮಡಿಸಿದ ಉಪ್ಪುಕಾಗದದ ತುಂಡು, ಒಂದು ಮೊಳೆ.

"ತಮ್ಮಾ, ಬರೆಯದ ಪೆನ್ನು ಇದೆಯಾ?" ಎಂದರು.

"ಬರೆಯೋ ಪೆನ್ನೇ ಇದೆ, ತಗೊಳ್ಳಿ."

"ಬರೆಯೋದು ನೀನೇ ಇಟ್ಕೋ. ನನಗೆ ಸತ್ತಿರೋದು ಸಾಕು. ಆದರೆ ಟಿಕ್ ಟಿಕ್ ಅಂತ ಒತ್ತೋ ಜಾತಿ ಇರಬೇಕು."

ನಮ್ಮ ಮನೆತನದಲ್ಲಿ ಮೇಜಿನ ಹಿಂದೆ ಕೂತವನು ನಾನೇ ಮೊದಲು. ಪೆನ್ನು ಎಸೆಯುವ ಅಭ್ಯಾಸ ನನಗಿರಲಿಲ್ಲ. ಕಾಲೇಜಿನಿಂದ ಮುಗಿದ ಪೆನ್ನುಗಳೆಲ್ಲ ಒಂದು ಡಬ್ಬದಲ್ಲಿ ಉಳಿದಿದ್ದವು. ಡಬ್ಬವನ್ನು ಮುಂದಿಟ್ಟೆ. ಅವರು ಬೆಂಚಿನ ಮೇಲೆ ಕೂತು ಒಂದೊಂದನ್ನೇ ಬಿಚ್ಚಿ ಸ್ಪ್ರಿಂಗು ತೆಗೆದರು. ಎರಡು ಬೆರಳ ನಡುವೆ ಅದುಮಿ, ಕಿವಿಯ ಹತ್ತಿರ ಹಿಡಿದು, ಕೆಲವನ್ನು ಜೇಬಿಗೆ ಹಾಕಿಕೊಂಡು, ಉಳಿದವನ್ನು ಮತ್ತೆ ಪೆನ್ನಿನೊಳಗೇ ಸೇರಿಸಿ ತಿರುಪು ಬಿಗಿದು ಇಟ್ಟರು. ಹೋಗುವಾಗ ಬೆಂಚಿನ ಕೆಳಗಿನ ರಟ್ಟನ್ನು ತೆಗೆದು, ಹೊರಗಿಂದ ಮರದ ಚೂರೊಂದನ್ನು ತಂದು ಸಿಕ್ಕಿಸಿದರು. ಬೆಂಚು ಅಲ್ಲಾಡುವುದು ನಿಂತಿತು.

ಅವರು ಕಸೂತಿ ಯಂತ್ರಗಳ ಮೆಕ್ಯಾನಿಕ್. ಮಹಡಿಯ ಮೇಲಿನ ಆರು, ಆ ಬೀದಿಯ ಮನೆಗಳಲ್ಲಿ ಎಂಟು, ಎಲ್ಲ ಒಂದೇ ಕಂಪನಿಯವು. ಆ ಮಾದರಿಗೆ ಹುಟ್ಟಿನಿಂದಲೇ ಒಂದು ರೋಗವಿತ್ತು: ವೇಗ ಹೆಚ್ಚಿದರೆ ಮೇಲಿನ ದಾರ ಪಟ್ಟನೆ ತುಂಡಾಗುತ್ತಿತ್ತು. ಮಾಮ ಅದಕ್ಕೆ ಪೆನ್ನಿನ ಸ್ಪ್ರಿಂಗನ್ನು ಒಂದು ತುದಿ ಬಡಿದು ಚಪ್ಪಟೆ ಮಾಡಿ, ದಾರ ಬರುವ ದಾರಿಯಲ್ಲಿ ಓರೆಯಾಗಿ ಕೂರಿಸಿದ್ದರು. ಜಗ್ಗಿದಾಗ ಅದು ಬಾಗಿ ದಾರಕ್ಕೆ ಕೊಂಚ ಸಡಿಲ ಕೊಡುತ್ತಿತ್ತು. ಅಷ್ಟೇ. ಆ ಬೀದಿಯಲ್ಲಿ ದಾರ ತುಂಡಾಗುವುದು ನಿಂತುಹೋಯಿತು.

ನಾಲ್ಕು ಗಂಟೆಯ ಚಹಾಕ್ಕೆ ಅವರು ನಮ್ಮ ಬೆಂಚಿಗೆ ಬರತೊಡಗಿದರು. ದೂರು ಕೊಡಲು ಬಂದವರ ಮಾತು ಕೇಳುತ್ತಾ ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಿದ್ದರು. ಶಾಯಿ ಇದ್ದರೂ ಖಾಲಿ ಎನ್ನುವ ಪ್ರಿಂಟರ್ ಬಗ್ಗೆ ಯಾರೋ ದೂರಿದಾಗ, "ಊಟಕ್ಕೆ ಕೂತವನ ತಟ್ಟೆಲಿ ಅನ್ನ ಇರುವಾಗಲೇ ನಿನ್ನ ಹೊಟ್ಟೆ ತುಂಬಿತು ಏಳು ಅಂದ ಹಾಗೆ" ಎಂದರು. ಬ್ಯಾಟರಿ ತೆಗೆಯಲಾಗದಂತೆ ಅಂಟಿಸಿದ ಫೋನನ್ನು ತಿರುಗಿಸಿ ನೋಡಿ, "ತಿರುಪು ಇಲ್ಲದ ವಸ್ತು ನಮ್ಮದಲ್ಲ ತಮ್ಮಾ, ನಾವು ಅದಕ್ಕೆ ಬಾಡಿಗೆ ಮನೆ ಅಷ್ಟೇ" ಎಂದರು. ಯಾರೋ ಯಾವುದಕ್ಕೋ ಪೇಟೆಂಟು ಪಡೆದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಜೋರಾಗಿ ನಕ್ಕಿದ್ದರು. "ಸೂಜಿ ಕಂಡುಹಿಡಿದೋನು ಹೀಗೆ ಮಾಡಿದ್ದಿದ್ರೆ ಇವತ್ತಿಗೂ ನಾವೆಲ್ಲ ಬರಿಮೈಲೇ ಇರ್ತಿದ್ವಿ!"

ಆ ನಗು ಬಹಳ ದಿನ ಉಳಿಯಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಸೀಲಿಂಗಿನಿಂದ ಸುಣ್ಣ ಉದುರಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ದೊಡ್ಡಕ್ಕ ಇಳಿದು ಬಂದರು. ಆರು ಜನರಲ್ಲಿ ಹಿರಿಯರು ಅವರು, ಲೆಕ್ಕವಿಲ್ಲದಷ್ಟು ಪಿನ್ನುಗಳನ್ನು ಸೆರಗಿಗೆ ಚುಚ್ಚಿಕೊಂಡೇ ಓಡಾಡುವವರು. "ಏನಪ್ಪಾ, ಎಲ್ಲಾ ಯಂತ್ರಾನೂ ಮುನಿಸ್ಕೊಂಡು ಕೂತಿವೆ. ಅದೇನೋ ಅಪ್‌ಡೇಟ್ ಅಂತು, ಒತ್ತಿದ್ವಿ" ಎಂದರು.

ನಾನು ಹೋಗಿ ನೋಡಿದೆ. ಆರೂ ಪರದೆಗಳ ಮೇಲೆ ಒಂದೇ ಸಾಲು: ಮಾನ್ಯತೆ ಇಲ್ಲದ ಭಾಗ ಪತ್ತೆಯಾಗಿದೆ, ಅಧಿಕೃತ ಕೇಂದ್ರವನ್ನು ಸಂಪರ್ಕಿಸಿ. ಯಂತ್ರಕ್ಕೆ ಈಗ ದಾರದ ದಾರಿಯಲ್ಲಿ ಕಂಪನಿಯದೇ ಸುರುಳಿ ಬೇಕಿತ್ತು. ಅದರೊಳಗಿನ ಚಿಪ್ 'ನಾನಿದ್ದೇನೆ' ಎಂದರೆ ಮಾತ್ರ ಓಡುವುದು. ಅಷ್ಟರಲ್ಲಿ ಬಂದ ಮಾಮ ಪರದೆಯ ಮೇಲಿದ್ದ ಕಂಪನಿಯ ಸುರುಳಿಯ ಚಿತ್ರವನ್ನು ಬಗ್ಗಿ ನೋಡಿದರು. ಓರೆ ಅದೇ, ಚಪ್ಪಟೆ ತುದಿ ಅದೇ, ಬಾಗುವ ಬಗೆಯೂ ಅದೇ.

"ಒಪ್ಪುತ್ತೇನೆ ಅಂತ ಒತ್ತಿದ್ಯಾರು?"

"ನಾವೇ. ನಲವತ್ತೊಂದು ಪುಟ ಇತ್ತು ಮಾಮ, ಯಾರು ಓದ್ತಾರೆ?"

"ಓದಿ ಬೇಡ ಅಂದಿದ್ರೆ?"

"ಆಗಲೂ ಓಡ್ತಿರಲಿಲ್ಲ," ಎಂದೆ ನಾನು.

"ಹಾಗಾದ್ರೆ ಕೇಳಿದ್ಯಾಕೆ? ಕುತ್ತಿಗೆ ಹಿಡ್ಕೊಂಡು, ಉಸಿರಾಡೋಕೆ ಒಪ್ಪಿಗೆನಾ ಅಂತ ಕೇಳಿದ ಹಾಗಾಯ್ತಲ್ಲ."

ಆ ವಾರವೇ ಮಾಮನ ಮನೆಗೊಂದು ಲಕೋಟೆ ಬಂತು. ದಾರದ ಎಳೆತವನ್ನು ಹದಗೊಳಿಸುವ ಸುರುಳಿಯ ಪೇಟೆಂಟು ತನ್ನದು, ಅದನ್ನು ಹೋಲುವ ಭಾಗವನ್ನು ತಯಾರಿಸುವುದನ್ನೂ ಅಳವಡಿಸುವುದನ್ನೂ ಕೂಡಲೇ ನಿಲ್ಲಿಸಬೇಕು ಎಂದು ಕಂಪನಿ ಬರೆದಿತ್ತು. ಪತ್ರ ಹಿಡಿದು ಅವರು, ಅವರ ಹೆಂಡತಿ, ಜೆರಾಕ್ಸ್ ಅಂಗಡಿ ಇಟ್ಟಿರುವ ಮಗಳು, ಮೂವರೂ ನಮ್ಮ ಬೆಂಚಿನ ಮೇಲೆ ಸಾಲಾಗಿ ಕೂತರು.

"ಅವರಿಗೆ ಇದು ಗೊತ್ತಾಗಿದ್ದು ಹೇಗೆ?" ಎಂದು ಕೇಳಿದೆ.

ಮಾಮ ಪತ್ರವನ್ನು ಮಡಚತೊಡಗಿದರು. ಹೆಂಡತಿ ಹೇಳಿದರು: "ಹೇಗಂತ ಕೇಳ್ತೀಯಲ್ಲಪ್ಪಾ. ಮೂರು ವರ್ಷದ ಹಿಂದೆ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ, ಈ ಬೀದಿಲಿ ಮಾತ್ರ ದಾರ ಯಾಕೆ ತುಂಡಾಗಲ್ಲ ಅಂತ. ಇವರು ಬಿಚ್ಚಿ ತೋರಿಸಿದ್ದಲ್ಲದೆ ಎರಡು ಸ್ಪ್ರಿಂಗು ಕಾಗದದಲ್ಲಿ ಸುತ್ತಿ ಕೊಟ್ಟರು. ಕೂರೋಕೆ ಮನೆಯಲ್ಲಿದ್ದ ಒಳ್ಳೆ ಕುರ್ಚಿ ಬೇರೆ!"

"ಕೇಳಿದವನಿಗೆ ಹೇಳದೆ ಇದ್ದರೆ ವಿದ್ಯೆ ಕೈ ತಪ್ಪುತ್ತೆ ಅಂತ ನಮ್ಮ ಗುರುಗಳು ಹೇಳಿದ್ದರು," ಎಂದರು ಮಾಮ. "ನನಗೂ ಒಬ್ಬರು ಹಾಗೇ ಹೇಳಿಕೊಟ್ಟಿದ್ದು."

ಅವರು ಪರಿಹಾರ ಕೇಳಲಿಲ್ಲ. ತಮ್ಮ ಹೆಸರು ಹಾಕಬೇಕೆಂದೂ ಕೇಳಲಿಲ್ಲ. "ಅವರು ಬೇಕಾದಷ್ಟು ಮಾಡ್ಕೊಳ್ಳಲಿ. ನಂದನ್ನ ನಾನು ಹಾಕೋದಕ್ಕೆ ಬಿಟ್ಟರೆ ಸಾಕು. ಅಷ್ಟು ಬರೆದುಕೊಡು ತಮ್ಮಾ."

ಬರೆದೆ. ಮೂರು ಸಲ ತಿದ್ದಿ ಕಂಪನಿಗೆ ಇಮೇಲ್ ಕಳಿಸಿದೆ. ಅರ್ಧ ನಿಮಿಷದೊಳಗೆ ಉತ್ತರ ಬಂತು: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ. ಕಂಪನಿಯ ಸಂಖ್ಯೆಗೆ ಫೋನು ಮಾಡಿದರೆ ಒಂದು ಸಿಹಿ ದನಿ ನಮ್ಮ ಯಂತ್ರದ ಕ್ರಮಸಂಖ್ಯೆ ಕೇಳುತ್ತಿತ್ತು. ಅದನ್ನು ಕೊಟ್ಟರೆ ಹತ್ತಿರದ ಅಧಿಕೃತ ಕೇಂದ್ರದ ವಿಳಾಸ ಹೇಳುತ್ತಿತ್ತು. ಮಾಮ ಒಂದು ದಿನ ಫೋನು ಕಸಿದುಕೊಂಡು, "ಅಮ್ಮಾ, ನೀನು ಮನುಷ್ಯಳೋ ಟೇಪೋ?" ಎಂದು ಕೇಳಿದರು. ಅವಳು ಮತ್ತೆ ಕ್ರಮಸಂಖ್ಯೆ ಕೇಳಿದಳು.

ನಮ್ಮ ಕಚೇರಿಯ ಮುಖ್ಯಸ್ಥೆ ಹಿಂದೆ ವಕೀಲರಾಗಿದ್ದವರು. ಕಾಗದಗಳನ್ನೆಲ್ಲ ಓದಿ ಕನ್ನಡಕ ತೆಗೆದಿಟ್ಟರು. "ಕಂಪನಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಎರಡೂವರೆ ವರ್ಷದ ಹಿಂದೆ. ಅದಕ್ಕಿಂತ ಮೊದಲೇ ಇದು ಬೀದಿಯಲ್ಲಿ ಬಳಕೆಯಲ್ಲಿತ್ತು ಅಂತ ತೋರಿಸಬೇಕು. ಬಾಯಿಮಾತು ಸಾಲದು. ತಾರೀಖು ಇರೋ ಏನಾದರೂ ಒಂದು ಬೇಕು."

ಮಗಳಿಗೆ ಒಂದು ಫೋಟೋ ನೆನಪಾಯಿತು. ಬಹಳ ಹಿಂದೆ ಅಪ್ಪ ಸ್ಪ್ರಿಂಗು ಕೂರಿಸುತ್ತಿರುವಾಗ ತೆಗೆದದ್ದು, ಹಳೆಯ ಫೋನಿನಿಂದ ಯಾವುದೋ ಫೋಟೋ ಆ್ಯಪಿಗೆ ಹಾಕಿದ್ದಳು. ಗುಪ್ತಪದ ನೆನಪಿಸಿಕೊಳ್ಳಲು ಒಂದು ಮಧ್ಯಾಹ್ನ ಹೋಯಿತು. ಕೊನೆಗೆ ಆ್ಯಪು ತೆರೆದಾಗ ಒಳಗೆ ಒಂದೇ ವಾಕ್ಯವಿತ್ತು: ಈ ಸೇವೆಯನ್ನು ನಿಲ್ಲಿಸಲಾಗಿದೆ, ನಮ್ಮೊಂದಿಗಿದ್ದುದಕ್ಕೆ ಧನ್ಯವಾದ. "ಮುಚ್ತೀವಿ ಅಂತ ಇಮೇಲ್ ಕಳಿಸಿದ್ದರಂತೆ," ಎಂದಳು ಮಗಳು. "ಅದು ಜಾಹೀರಾತಿನ ರಾಶಿಯೊಳಗೆ ಬಿದ್ದಿತ್ತು."

ಆಗ ಮಾಮ ತಟ್ಟನೆ ಎದ್ದು ನಿಂತರು. "ಗುರುತು!"

ಅವರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಯಂತ್ರ ಬಿಚ್ಚಿ ಕೆಲಸ ಮಾಡಿದವನು ಮುಚ್ಚಳದ ಒಳಮೈಯಲ್ಲಿ, ಏನು ಮಾಡಿದೆ, ಯಾವತ್ತು ಮಾಡಿದೆ ಎಂದು ಮೊಳೆಯಿಂದ ಗೀಚಿ ಹೋಗುತ್ತಾನೆ. ಮುಂದೆ ಬರುವವನಿಗೆ ತಿಳಿಯಲಿ ಎಂದು. ನಾವು ಓಡುತ್ತಲೇ ಮಹಡಿ ಹತ್ತಿದೆವು. ದೊಡ್ಡಕ್ಕ ತಿರುಪುಳಿ ಹಿಡಿದು ನಿಂತರು. ಮೊದಲ ಮುಚ್ಚಳ ಬಿಚ್ಚಿದರೆ ಒಳಗೆ ನಾಲ್ಕು ತಿಂಗಳ ಹಿಂದಿನ ಗೀಚು ಮಾತ್ರ ಇತ್ತು. ಸುತ್ತಲೂ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು.

"ಹಳೇದೆಲ್ಲಿ?" ಎಂದೆ.

ಮಾಮನ ಕೈ ತಾನಾಗಿ ಜೇಬಿನ ಉಪ್ಪುಕಾಗದದ ಮೇಲೆ ಹೋಯಿತು. ಹೊಸ ಗುರುತು ಹಾಕುವ ಮೊದಲು ಹಳೆಯದನ್ನು ಉಜ್ಜಿ ಅಳಿಸುವುದೂ ಅದೇ ಪದ್ಧತಿಯ ಭಾಗ. ಮೈಗಳ್ಳರು ಉಜ್ಜದೆ ಹಾಗೇ ಮೇಲೆ ಗೀಚುತ್ತಾರಂತೆ. ಮಾಮ ಮೈಗಳ್ಳರಲ್ಲ. ಹದಿನಾಲ್ಕು ಯಂತ್ರಗಳನ್ನೂ ಬಿಚ್ಚಿದೆವು. ಹದಿನಾಲ್ಕೂ ಕಡೆ ಅವರು ತಮ್ಮ ಕೈಯಿಂದಲೇ ತಮ್ಮ ಸಾಕ್ಷಿಯನ್ನು ಚೊಕ್ಕವಾಗಿ ಅಳಿಸಿದ್ದರು.

"ಎಷ್ಟು ನೀಟಾಗಿ ಉಜ್ಜಿದ್ದೀರಾ ಮಾರಾಯರೇ," ಎಂದರು ಅವರ ಹೆಂಡತಿ. ಬೈಗುಳವಾಗಿ ಶುರುವಾದ ಮಾತು ಅರ್ಧದಲ್ಲೇ ಸೋತಿತು.

ಇನ್ನೊಂದು ಯಂತ್ರ ಉಳಿದಿತ್ತು. ಶಾಲೆಯ ಬ್ಯಾಡ್ಜುಗಳನ್ನು ಹೊಲಿಯುತ್ತಿದ್ದ ಬ್ಯಾಡ್ಜಿನ ಅತ್ತೆ ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟು, ಊರಿನ ಆ ತುದಿಯಲ್ಲಿ ಮಗನ ಮನೆ ಸೇರಿದ್ದರು. ಆಮೇಲೆ ಆ ಯಂತ್ರವನ್ನು ಯಾರೂ ಬಿಚ್ಚಿರಲಿಲ್ಲ. ಎರಡು ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಮಾಮ ಮಾತಾಡುತ್ತಲೇ ಇದ್ದರು, ನಾನೂ ಹೂಂಗುಟ್ಟಿದೆ. ಇಬ್ಬರಿಗೂ ಹಬ್ಬಕ್ಕೆ ಹೋಗುವ ಹುಮ್ಮಸ್ಸು. ಯಂತ್ರಕ್ಕೆ ಹಾಸಿಗೆ ಬಟ್ಟೆ ಹೊದಿಸಿ ಮೇಲೆ ಟೀವಿ ಇಟ್ಟಿದ್ದರು. ಟೀವಿ ಇಳಿಸಿ, ತಿರುಪು ಬಿಚ್ಚಿ, ಮಾಮ ಟಾರ್ಚು ಬಿಟ್ಟರು. ದಾರದ ದಾರಿಯಲ್ಲಿ ಪೆನ್ನಿನ ಸ್ಪ್ರಿಂಗು ಹಾಗೇ ಇತ್ತು, ಕೊಂಚ ತುಕ್ಕು ಹಿಡಿದು. ಮುಚ್ಚಳದ ಒಳಗೆ ಅವರದೇ ಅಕ್ಷರ: 'ಸ್ಪ್ರಿಂಗ್ ಹಾಕಿದೆ. 12-6.'

"ಸಿಕ್ತಲ್ಲ!" ಎಂದು ಮಾಮ ನನ್ನ ಭುಜ ತಟ್ಟಿದರು. "ನೋಡು, ಸಿಕ್ತು!"

ನಾನು ಟಾರ್ಚನ್ನು ಇಸಿದುಕೊಂಡು ಆ ಕಡೆ ಈ ಕಡೆ ಹಿಡಿದು ನೋಡಿದೆ. ಕೇಳಲು ಮನಸ್ಸಿರಲಿಲ್ಲ, ಆದರೂ ಕೇಳಲೇಬೇಕಿತ್ತು. "ಮಾಮ, ವರ್ಷ?"

"ವರ್ಷ ಯಾರು ಬರೀತಾರೆ? ವರ್ಷಕ್ಕೊಂದು ಸಲ ಬರ್ತೀವಲ್ಲ, ತಾರೀಖು ತಿಂಗಳು ಸಾಕು. ನನಗೆ ಚೆನ್ನಾಗಿ ನೆನಪಿದೆ, ಮಗಳು ಅಂಗಡಿ ಹಾಕಿದ ವರ್ಷ ಅದು, ಐದು ವರ್ಷ ಆಯ್ತು..." ಎನ್ನುತ್ತಾ ಅವರ ದನಿ ಸಣ್ಣದಾಯಿತು. ನನ್ನ ಮುಖ ನೋಡಿದರು. ಮತ್ತೆ ಮುಚ್ಚಳ ನೋಡಿದರು.

ಬ್ಯಾಡ್ಜಿನ ಅತ್ತೆ ಗೋಡೆ ಹಿಡಿದು ಬಂದು, "ನಾನು ಹೇಳ್ತೀನಪ್ಪಾ, ಎಲ್ಲಿ ಬೇಕಾದರೂ ಬಂದು ಹೇಳ್ತೀನಿ" ಎಂದರು. ಅವರ ಹೇಳಿಕೆಯನ್ನು ಬರೆದುಕೊಂಡೆ. ದೊಡ್ಡಕ್ಕ ಮತ್ತು ಉಳಿದವರದನ್ನೂ ಟೈಪು ಮಾಡಿದೆ. ಮುಖ್ಯಸ್ಥೆ ಎಲ್ಲವನ್ನೂ ಓದಿದರು. ಇಷ್ಟನ್ನೇ ನೆಚ್ಚಿಕೊಂಡು ದೂರದ ರಾಜಧಾನಿಯಲ್ಲಿ, ದೊಡ್ಡ ವಕೀಲರನ್ನು ಹಿಡಿದು, ಎಷ್ಟೋ ವರ್ಷ ನಡೆಸಬೇಕಾದ ವ್ಯಾಜ್ಯಕ್ಕೆ ಯಾರನ್ನೂ ಕಳಿಸಲಾರೆ ಎಂದರು. ಪೇಟೆಂಟು ಬಿದ್ದುಹೋದರೂ ಯಂತ್ರದೊಳಗಿನ ಬೀಗವನ್ನು ಅದು ತೆಗೆಯುವುದಿಲ್ಲ ಎಂದೂ ಹೇಳಿದರು. ಮಾಮ ತಲೆಯಾಡಿಸಿದರು. ಅವರಿಗೆ ಈ ಕೊನೆಯ ಮಾತು ಬೇಗ ಅರ್ಥವಾಯಿತು.

ಮೇಲಿನವೂ ಬೀದಿಯ ಮನೆಗಳವೂ ಸೇರಿ ಹೆಂಗಸರ ಯಂತ್ರಗಳೆಲ್ಲ ನಿಂತು ಮೂರು ವಾರವಾಗಿತ್ತು. ಅವರ್ಯಾರೂ ಮಾಮನನ್ನು ಅವಸರಪಡಿಸಲಿಲ್ಲ. ಅದೇ ಮಾಮನಿಗೆ ಹೆಚ್ಚು ಭಾರವಾಯಿತು ಎಂದು ಕಾಣುತ್ತದೆ. ಒಂದು ಬೆಳಗ್ಗೆ ತಾವೇ ಮಹಡಿ ಹತ್ತಿ, "ಕೇಂದ್ರದವರನ್ನ ಕರೀರಿ, ನಾನು ನಂದನ್ನ ತೆಗೀತೀನಿ" ಎಂದರು.

"ಅವರೇ ತೆಗೀಲಿ ಬಿಡಿ ಮಾಮ," ಎಂದರು ದೊಡ್ಡಕ್ಕ.

"ಅವರು ಇಕ್ಕಳ ಹಾಕಿ ಎಳೀತಾರೆ. ದಾರದ ದಾರಿಗೆ ಗೀರು ಬಿದ್ದರೆ ಮತ್ತೆ ತುಂಡಾಗುತ್ತೆ."

ಎರಡು ದಿನ ಮನೆಮನೆಗೆ ಹೋಗಿ ಹದಿನಾಲ್ಕು ಸ್ಪ್ರಿಂಗುಗಳನ್ನೂ ತೆಗೆದರು. ನಾನು ಟಾರ್ಚು ಹಿಡಿದಿದ್ದೆ. ಕೊನೆಯ ಮನೆಯಲ್ಲಿ ಒಬ್ಬಾಕೆ ಅಳತೊಡಗಿದಾಗ, "ಅಳ್ತಾ ಕೂತ್ರೆ ಯಂತ್ರಕ್ಕೆ ತುಕ್ಕು ಹಿಡಿಯುತ್ತೆ, ಆ ಕಡೆ ಹೋಗು" ಎಂದು ಗದರಿದರು. ಮರುವಾರ ಸಮವಸ್ತ್ರದ ಹುಡುಗರಿಬ್ಬರು ಬಂದು ಕಂಪನಿಯ ಸುರುಳಿಗಳನ್ನು ಹಾಕಿ ಹೋದರು. ಯಂತ್ರಗಳು ಓಡಿದವು. ದಾರ ತುಂಡಾಗಲಿಲ್ಲ. ನಮ್ಮ ಅರ್ಜಿಗಳ ಮೇಲೆ ಮತ್ತೆ ಸುಣ್ಣ ಉದುರತೊಡಗಿತು.

ಆ ಯಂತ್ರಗಳ ಮುಚ್ಚಳವನ್ನು ಈಗ ಕೇಂದ್ರದವರು ಮಾತ್ರ ತೆರೆಯಬಹುದು. ಬೇರೆಯವರು ತೆರೆದರೆ ಪರದೆ ಕೆಂಪಾಗುತ್ತದೆ. ಮಾಮನಿಗೆ ಬೇರೆ ಯಂತ್ರದ ಕೆಲಸ ಕಲಿಯುವ ವಯಸ್ಸಲ್ಲ. ಕಲಿತರೂ ಹೊಸತಾಗಿ ಬರುತ್ತಿರುವವೆಲ್ಲ ಹೀಗೆಯೇ. ನನ್ನಿಂದ ಏನೂ ಆಗಲಿಲ್ಲ ಎಂದು ಒಮ್ಮೆ ಹೇಳಿದೆ. "ನೀನು ಬರೆದೆಯಲ್ಲ," ಎಂದರು.

ಈಗ ಅವರು ಮಗಳ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಗುರುತಿನ ಚೀಟಿಗಳಿಗೆ ಅಳಿಸದಂತೆ ಲ್ಯಾಮಿನೇಷನ್ ಹಾಕಿ, ಅಂಚು ಕತ್ತರಿಸಿ ಕೊಡುತ್ತಾರೆ.