ಪ್ಲಾಸ್ಟಿಕ್ ತೆಗೆಯದ ಹಾಸಿಗೆ

ನನ್ನ ಅತ್ತೆಯಷ್ಟು ಧೈರ್ಯವಾಗಿ ಹಾಸಿಗೆ ಕೊಂಡವರನ್ನು ನಾನು ಕಂಡಿಲ್ಲ. ನಾವೆಲ್ಲ ಅಂಗಡಿಯಲ್ಲಿ ಹಾಸಿಗೆಯನ್ನು ಮಾವಿನಹಣ್ಣಿನ ಹಾಗೆ ಬೆರಳಲ್ಲಿ ಒತ್ತಿ ನೋಡುವವರು. ಹೆಚ್ಚೆಂದರೆ ಅಂಚಿನಲ್ಲಿ ಕೂರುತ್ತೇವೆ. ಅತ್ತೆ ಮಾತ್ರ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿಬಿಟ್ಟರು. ನನ್ನ ಗಂಡನಿಗೆ ನಾಚಿಕೆಯೋ ನಾಚಿಕೆ.

"ಅಮ್ಮ, ಜನ ನೋಡ್ತಾವ್ರೆ."

"ನೋಡ್ಲಿ ಬುಡು. ಕೈಗೇನ್ಲಾ ನಿದ್ದೆ ಬರೋದು?"

ಸೊಂಟನೋವಿನಿಂದ ಅವರಿಗೆ ನಿದ್ದೆಯೇ ಇರಲಿಲ್ಲ. ಹೆಬ್ಬೂರಿನಿಂದ ತಂದಿದ್ದ ಹತ್ತಿ ಹಾಸಿಗೆ ಗಂಟುಗಂಟಾಗಿ, ನಡುವೆ ಹಳ್ಳ ಬಿದ್ದಿತ್ತು. ಕುಣಿಗಲ್‌ನಲ್ಲಿರುವ ನನ್ನ ನಾದಿನಿ ಹೊಸ ಹತ್ತಿ ತುಂಬಿಸಿ ಹಾಸಿಗೆ ಹೊಲಿಸಿಟ್ಟು, ಭಾನುವಾರ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ನಮ್ಮ ಮನೆಯಲ್ಲೇ ಇರಲಿ ಎಂದು ಫೋನಿನಲ್ಲಿ ಹೇಳಿದ್ದಳು. ನನಗದು ಸುತರಾಂ ಇಷ್ಟವಿರಲಿಲ್ಲ. ನಾನು ಮಾಡಿದ ಸಾರಿಗೆ ಮುಖದೆದುರೇ ಹೆಸರಿಟ್ಟು, ಅದನ್ನೇ ಇನ್ನೊಂದು ಸೌಟು ಹಾಕಿಸಿಕೊಳ್ಳುವ ಹೆಂಗಸು ಅವರು. ಅವರಿಲ್ಲದ ಮನೆಯನ್ನು ನೆನೆದರೇ ಬೇಜಾರಾಗುತ್ತಿತ್ತು. ಅದಕ್ಕೇ ಭಾನುವಾರಕ್ಕೆ ಮೊದಲೇ ಹೊಸ ಹಾಸಿಗೆ ಕೊಡಿಸೋಣವೆಂದು ಗಂಡನನ್ನು ಹೊರಡಿಸಿದ್ದೆ.

ಅಂಗಡಿಯಲ್ಲಿ ಅವರು ಒಂದನ್ನೂ ಬಿಡಲಿಲ್ಲ. ಫೋಮ್ ಮೇಲೆ ಮಲಗಿ, "ಇದು ಒಳಕ್ಕೆ ಎಳ್ಕೊಳ್ತದೆ, ಎಬ್ಸಾಕೆ ಒಬ್ರು ಬೇಕು" ಎಂದರು. ಸ್ಪ್ರಿಂಗಿನದರ ಮೇಲೆ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ನೀನು ಅಲ್ಲಾಡಿದ್ರೆ ನಾನೂ ಅಲ್ಲಾಡ್ಬೇಕಲ್ಲ!" ಎಂದು ನಕ್ಕರು. ತೆಂಗಿನ ನಾರಿನದು ಗುಬ್ಬಿಯ ನೆಂಟರ ಮನೆಯಲ್ಲಿ ಮಲಗಿ ಗೊತ್ತಿತ್ತು. ಬೆನ್ನಿಗೆ ಆಸರೆ, ಮೈಗೆ ಒರಟು. ಕೊನೆಗೆ ನಾರಿನ ಮೇಲೆ ಮೆತ್ತನೆಯ ರಬ್ಬರಿನ ಪದರ ಇದ್ದ ಹಾಸಿಗೆಗೆ ಬಂದರು. ಮಲಗಿದವರು ಮೈ ಚೆಲ್ಲಿಬಿಟ್ಟರು. ಅವರ ಕಾಲುಬೆರಳು ಸಡಿಲವಾಗಿದ್ದನ್ನು ನೋಡಿ ನಾನೇ ಅದನ್ನು ಪ್ಯಾಕ್ ಮಾಡಲು ಹೇಳಿದೆ.

ಆದರೆ ಸದಾಶಿವನಗರದ ನಮ್ಮ ಮನೆಗೆ ಬಂದ ಮೇಲೆ ಅದರಲ್ಲೂ ನಿದ್ದೆ ಬರಲಿಲ್ಲ. ಸೆಖೆ, ಹೊರಳಿದರೆ ಚರಪರ ಸದ್ದು. ಭಾನುವಾರ ಬೆಳಿಗ್ಗೆ ಅತ್ತೆ ಸೋತ ದನಿಯಲ್ಲಿ, "ಕುಣಿಗಲ್ಗೇ ಹೋಗ್ತೀನಿ ಕಣವ್ವ" ಎಂದರು. ನಾನು ಬೆಡ್‌ಶೀಟ್ ಒಗೆಯಲು ಎಳೆದೆ. ಕೆಳಗೆ ಅಂಗಡಿಯ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು! ಟಿವಿ ರಿಮೋಟಿಗೂ ಕವರ್ ಬಿಚ್ಚದ ಮನೆ ನಮ್ಮದು. ಹಾಸಿಗೆ ಹೊಸದಾಗಿರಲಿ ಎಂದು ಗಂಡ ಅದರ ಮೇಲೆಯೇ ಬೆಡ್‌ಶೀಟ್ ಹಾಸಿದ್ದರು. ಅತ್ತೆಗೂ ಅದು ಸರಿಯೆಂದೇ ಕಂಡಿತ್ತು. ಕತ್ತರಿ ತಂದೆ.

"ಏಯ್, ವಾರಂಟಿ ಹೋಗುತ್ತೆ!" ಎಂದು ಗಂಡ ಅಡ್ಡ ಬಂದರು.

"ನಿಮ್ಮಮ್ಮನೇ ಹೋಗ್ತಾವ್ರೆ, ವಾರಂಟಿ ಇಟ್ಕೊಂಡು ಏನ್ ಮಾಡ್ತೀರಾ?" ಎಂದು ಸರ್ರನೆ ಹರಿದೆ.

ತೆಳು ಹತ್ತಿ ಬೆಡ್‌ಶೀಟ್ ಹಾಸಿದೆ. "ಅವ್ಳು ಬರೋಗಂಟ ಸೊಂಟ ಚಾಚ್ತೀನಿ" ಎಂದು ಅತ್ತೆ ಮಲಗಿದರು. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಅಡುಗೆಮನೆಗೂ ಕೇಳಿಸಿತು. ಆ ಗೊರಕೆಯಷ್ಟು ಇಂಪಾದದ್ದನ್ನು ನಾನು ಕೇಳಿರಲಿಲ್ಲ.

ಮಧ್ಯಾಹ್ನ ನಾದಿನಿ ಬಂದಳು. ಕೋಣೆಯ ಬಾಗಿಲಲ್ಲೇ ನಿಂತು ಅಮ್ಮನನ್ನು ತುಂಬಾ ಹೊತ್ತು ನೋಡಿದಳು. ಎಬ್ಬಿಸಲು ಹೋದ ಅಣ್ಣನ ಕೈ ಹಿಡಿದಳು.

"ಬ್ಯಾಡ ಕಣಣ್ಣ, ಮಲ್ಗ್ಲಿ. ಅತ್ತಿಗೆ, ಆ ಹತ್ತಿ ಹಾಸಿಗೇಲಿ ನಾನೇ ಮಲ್ಕೊಳ್ತೀನಿ ಬಿಡಿ" ಎಂದು ಪಿಸುಗುಟ್ಟಿ, ಕಣ್ಣೊರೆಸಿಕೊಂಡು ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೊರಟಳು.