ಗಿಲ್‌ರಾಯ್‌ನಿಂದ ಬಂದವರಿಗೆ ಹಿಂದಿನ ದಿನದ ಅಡುಗೆ

ನಾನೂ ನನ್ನ ಗೆಳತಿಯೂ ಸೇರಿ ನಡೆಸುವ ಕಂಪನಿಗೆ ಆಫೀಸು ಅಂತ ಇರುವುದು ಸ್ಯಾನ್ ಹೊಸೆಯ ನಮ್ಮ ಮನೆಯ ಗರಾಜು. ಕಾರು ಹೊರಗೆ ಬಿಸಿಲಲ್ಲಿ ನಿಲ್ಲುತ್ತದೆ. ಒಳಗೆ ಎರಡು ಮೇಜು, ಬೆಸುಗೆ ಹಾಕುವ ಸಾಮಾನು, ಗೋಡೆಗೆ ತಾಗಿಸಿಟ್ಟ ರಟ್ಟಿನ ಡಬ್ಬಗಳು. ನಾವು ಮಾಡುವುದು ಅಂಗೈಯಗಲದ ಒಂದು ಪೆಟ್ಟಿಗೆ. ಬೆಳೆ ಕೂಡಿಟ್ಟ ಶೆಡ್ಡಿನಲ್ಲಿ ಅದನ್ನು ನೇತುಹಾಕಿದರೆ ಅಲ್ಲಿನ ಗಾಳಿಯಲ್ಲಿ ತೇವ ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಅಳೆದು ಫೋನಿಗೆ ಕಳಿಸುತ್ತದೆ. ದೊಡ್ಡ ಕಂಪನಿಯ ಕೆಲಸ ಬಿಟ್ಟು ಇಬ್ಬರೂ ಇದಕ್ಕೆ ಇಳಿದು ಸ್ವಲ್ಪ ಕಾಲವಾಗಿತ್ತು, ಕೊಳ್ಳುವವರು ಮಾತ್ರ ಇನ್ನೂ ಸರಿಯಾಗಿ ಸಿಕ್ಕಿರಲಿಲ್ಲ.

ಹಾಗಿರುವಾಗ, ಮೇ ತಿಂಗಳಲ್ಲಿ, ಬೆಳ್ಳುಳ್ಳಿಯ ಊರೆಂದೇ ಹೆಸರಾದ ಗಿಲ್‌ರಾಯ್‌ನ ಬೆಳ್ಳುಳ್ಳಿ ಬೆಳೆದು ಮಾರುವ ಒಂದು ಮಂಡಿಯವರು ಪೆಟ್ಟಿಗೆ ನೋಡಲು ಬರುತ್ತೇವೆ ಎಂದರು. ಬರುವವರು ಇಬ್ಬರು: ಮಂಡಿಯ ಒಡತಿ ಮತ್ತು ಶೆಡ್ಡುಗಳನ್ನು ನೋಡಿಕೊಳ್ಳುವ ಅವರ ತಮ್ಮನ ಮಗ. ಸೋಮವಾರ ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ತಲುಪುತ್ತೇವೆ ಎಂದು ಬರೆದಿದ್ದರು.

"ಊಟಕ್ಕೆ ಎಲ್ಲಿಗೆ ಕರ್ಕೊಂಡ್ ಹೋಗೋದು?" ಎಂದಳು ಗೆಳತಿ. ಅವಳು ಹಾಸನದವಳು, ಮಾತಿಗಿಂತ ಲೆಕ್ಕ ಬೇಗ.

"ಇಲ್ಲೇ, ಮನೇಲೇ. ರೆಸ್ಟೋರೆಂಟಲ್ಲಿ ಗಲಾಟೆ, ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ."

"ನೀನು ಒಲೆ ಮುಂದೆ ನಿಂತ್ರೆ ಪ್ರೆಸೆಂಟೇಶನ್ನು ನಾನೊಬ್ಳೇ ಕೊಡ್ಬೇಕಾ? ಪೆಟ್ಟಿಗೆ ಬಗ್ಗೆ ಅವರು ಕೇಳೋ ಅರ್ಧ ಪ್ರಶ್ನೆಗೆ ಉತ್ತರ ಗೊತ್ತಿರೋದು ನಿಂಗೆ."

ಅವಳು ಹೇಳಿದ್ದು ಸರಿಯಾಗಿತ್ತು. ಹಾಗಾಗಿ ನಾನೇ ಒಂದು ಷರತ್ತು ಹಾಕಿಕೊಂಡೆ. ಸೋಮವಾರ ಒಲೆ ಹಚ್ಚುವಂತಿಲ್ಲ. ಏನೇ ಮಾಡುವುದಿದ್ದರೂ ಭಾನುವಾರ ರಾತ್ರಿಯೊಳಗೆ ಮುಗಿದಿರಬೇಕು. ಬಂದವರು ಕೂತ ಮೇಲೆ ಮುಚ್ಚಳ ತೆಗೆದು ಬಡಿಸುವುದಷ್ಟೇ ಉಳಿಯಬೇಕು.

ಆಗ ಮಂಡ್ಯದಿಂದ ನನ್ನ ಅತ್ತೆ ಬಂದಿದ್ದರು. ವಿಷಯ ಕೇಳಿದವರೇ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು.

"ಬಂದ ನೆಂಟ್ರಿಗೆ ತಂಗಳು ಇಕ್ಕೀಯಾ?"

"ನೆಂಟರಲ್ಲ ಅತ್ತೆ, ವ್ಯಾಪಾರಕ್ಕೆ ಬರೋರು."

"ವ್ಯಾಪಾರಕ್ಕೆ ಬರೋರ್ಗೆ ಹೊಟ್ಟೆ ಇರಕಿಲ್ವಾ?"

ನಾನು ಸುಮ್ಮನಾಗಲಿಲ್ಲ. "ಬಸ್ಸಾರು ಮಾರನೇ ದಿನವೇ ರುಚಿ ಅಂತ ನೀವೇ ಹೇಳ್ತೀರಲ್ಲ?" ಎಂದೆ. ಅತ್ತೆ ಹುರುಳಿಕಾಯಿಯನ್ನು ಮತ್ತೆ ಕೈಗೆತ್ತಿಕೊಂಡರು. "ಅದು ಬಸ್ಸಾರು ಕಣವ್ವ. ಎಲ್ಲಾ ಬಸ್ಸಾರಾದಾತಾ?" ಎಂದರು. ಆ ಮಾತು ನನ್ನ ತಲೆಯೊಳಗೆ ಕೂತಿತು. ಹಾಗಾದರೆ ಯಾವುದು ಮಾರನೇ ದಿನಕ್ಕೆ ಸುಧಾರಿಸುತ್ತದೆ, ಯಾವುದು ಕೆಡುತ್ತದೆ, ಯಾವುದು ಹೇಗಿತ್ತೋ ಹಾಗೇ ಇರುತ್ತದೆ? ಇಷ್ಟು ವರ್ಷ ಅಡುಗೆ ಮಾಡಿದ್ದರೂ ಇದನ್ನು ಗಮನವಿಟ್ಟು ನೋಡಿರಲಿಲ್ಲ. ಉಳಿದದ್ದನ್ನು ಫ್ರಿಜ್ಜಿಗೆ ತಳ್ಳುವುದು, ಮಾರನೇ ದಿನ ಬಿಸಿ ಮಾಡಿ ಲಂಚ್ ಬಾಕ್ಸಿಗೆ ತುಂಬುವುದು, ಅಷ್ಟೇ.

ಅತಿಥಿಗಳು ಬರಲು ಇನ್ನೂ ಸಮಯವಿತ್ತು. ದಿನವೂ ಸಂಜೆ ಒಂದೊಂದು ಅಡುಗೆಯನ್ನು ಸ್ವಲ್ಪ ಹೆಚ್ಚಾಗಿ ಮಾಡಿ, ಒಂದು ಬಟ್ಟಲು ಎತ್ತಿಟ್ಟು, ಮರುದಿನ ಅದೇ ಅಡುಗೆಯನ್ನು ಹೊಸದಾಗಿ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಲು ಶುರುಮಾಡಿದೆ. ಮೊದಲ ದಿನ ಅತ್ತೆ ದೂರದಿಂದ ನೋಡಿದರು. ಎರಡನೆಯ ದಿನ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಆಮೇಲೆ ಚಮಚ ಅವರ ಕೈಯಲ್ಲೇ ಇತ್ತು.

ಎಣ್ಣೆಗಾಯಿ ಗೆದ್ದಿತು. ಬದನೆಕಾಯಿಯೊಳಗೆ ತುಂಬಿದ ಮಸಾಲೆ ಒಂದು ರಾತ್ರಿ ಕಳೆದರೆ ತಿರುಳಿಗೆಲ್ಲ ಇಳಿದು, ಹುಣಸೆಯ ಹುಳಿಯೂ ಕಡಲೆಕಾಯಿಯ ಜಿಡ್ಡೂ ಬೇರೆಬೇರೆ ಅನ್ನಿಸದಂತಾಗುತ್ತದೆ. ಹುರುಳಿಕಾಯಿ ಪಲ್ಯ ಸೋತಿತು, ಬಣ್ಣವೂ ಹೋಯಿತು, ಕಾಯಿತುರಿ ಹಳಸಿದ ಹಾಗೆ ಆಯಿತು. ಕೋಸಂಬರಿಗೆ ಉಪ್ಪು ಹಾಕದೆ ಇಟ್ಟರೆ ಪರವಾಗಿಲ್ಲ, ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲುತ್ತದೆ. ಒಬ್ಬಟ್ಟಿನ ಬಗ್ಗೆ ನಮ್ಮಿಬ್ಬರಿಗೂ ಅನುಮಾನವೇ ಇರಲಿಲ್ಲ. ಆದರೂ ಪರೀಕ್ಷೆಯ ಹೆಸರಿನಲ್ಲಿ ತಿಂದೆವು.

ಚಪಾತಿ ಯಾಕೆ ಅಷ್ಟು ಬೇಗ ಬಿರುಸಾಗುತ್ತದೆ ಎಂದು ತಿಳಿಯಲು ನಮ್ಮ ಪೆಟ್ಟಿಗೆಯೊಂದನ್ನೇ ಫ್ರಿಜ್ಜಿನೊಳಗೆ ಇಟ್ಟೆ. ಬೆಳಿಗ್ಗೆ ಫೋನು ನೋಡುತ್ತಿದ್ದಾಗ ಅತ್ತೆ ಕೇಳಿದರು, "ಏನಂತೆ ನಿನ್ ಡಬ್ಬ?"

"ಒಳಗೆ ಗಾಳಿ ತುಂಬ ಒಣಗಿದೆಯಂತೆ."

"ಅದಾ! ನಾನು ಬಂದಾಗಿಂದ ಕೊತ್ತಂಬರಿ ಸೊಪ್ಪು ಯಾಕ್ ಸತ್ತೋಯ್ತದೆ ಅಂತಿದ್ದೆ. ಮೇಲಿನ ತಟ್ಟೇಲಿ ಇಡು ನೋಡಾನ, ಅಲ್ಲೇನ್ ಹೇಳ್ತದೆ?"

ಮೇಲಿನ ತಟ್ಟೆ, ಕೆಳಗಿನ ಡ್ರಾಯರು, ಬಾಗಿಲಿನ ಒಳಗಡೆ, ಹೀಗೆ ಪೆಟ್ಟಿಗೆ ಫ್ರಿಜ್ಜಿನ ತುಂಬ ಸಂಚರಿಸಿತು. ಹಾಗೆಯೇ, ಸ್ಟೀಲ್ ಪಾತ್ರೆಯಲ್ಲಿಟ್ಟ ಸಾರಿಗೂ ಗಾಜಿನ ಬಟ್ಟಲಲ್ಲಿಟ್ಟ ಸಾರಿಗೂ ರುಚಿಯಲ್ಲಿ ವ್ಯತ್ಯಾಸ ಇದೆ ಎಂದು ಅತ್ತೆ ಖಂಡಿತವಾಗಿ ಹೇಳಿದರು. ನನ್ನ ಗಂಡ ಎರಡನ್ನೂ ಒಂದೇ ತರಹದ ಲೋಟಕ್ಕೆ ಹಾಕಿ, ಯಾವುದು ಯಾವುದೆಂದು ಹೇಳದೆ ಅವರ ಮುಂದಿಟ್ಟರು. ಅತ್ತೆ ಎರಡನ್ನೂ ಕುಡಿದು, ಬಹಳ ಹೊತ್ತು ಯೋಚಿಸಿ, ಗಾಜಿನದ್ದನ್ನು ಸ್ಟೀಲಿನದ್ದು ಎಂದರು. ಆಮೇಲೆ ಮಗನನ್ನು ನೋಡಿ, "ನೀನು ಅದ್ಲುಬದ್ಲು ಮಾಡಿದ್ದೀಯ" ಎಂದು ಎದ್ದು ಹೋದರು.

ಬರುವವರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಎಂದು ಗೆಳತಿ ಮೇಲ್ ಮಾಡಿ ಕೇಳಿದ್ದಳು. 'ಏನಾದರೂ ನಡೆಯುತ್ತದೆ' ಎಂದು ಉತ್ತರ ಬಂದಿತ್ತು. ಇದು ನಿಜವಾದ ಉತ್ತರವೋ, ಮರ್ಯಾದೆಯ ಉತ್ತರವೋ ಎಂದು ನಾವಿಬ್ಬರೂ ಚರ್ಚೆ ಮಾಡಿದೆವು. ಕೊನೆಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಬೆಳ್ಳುಳ್ಳಿ ಮಂಡಿಯವರಲ್ಲವೇ? ಬೆಳ್ಳುಳ್ಳಿಯನ್ನೇ ಮುಂದೆ ಮಾಡೋಣ. ಬಸ್ಸಾರಿಗೆ ಇಡೀ ಗಡ್ಡೆ ಸುಟ್ಟು ಹಾಕೋಣ, ಎಣ್ಣೆಗಾಯಿಗೆ ಧಾರಾಳವಾಗಿ ಅರೆಯೋಣ, ಪಕ್ಕಕ್ಕೆ ಬೆಳ್ಳುಳ್ಳಿ ಚಟ್ನಿಪುಡಿ. ಅವರ ಬೆಳೆ ನಮ್ಮ ಕೈಯಲ್ಲಿ ಏನಾಗುತ್ತದೆ ಎಂದು ಅವರಿಗೂ ನೋಡುವ ಕುತೂಹಲ ಇರುತ್ತದಲ್ಲ ಎಂದುಕೊಂಡೆ. ಶನಿವಾರ ಗಿಲ್‌ರಾಯ್‌ವರೆಗೂ ಹೋಗಿ ರಸ್ತೆ ಬದಿಯ ಅಂಗಡಿಯಲ್ಲಿ ಬೆಳ್ಳುಳ್ಳಿ ತಂದೆ. ಭಾನುವಾರ ಇಡೀ ದಿನ ಅಡುಗೆ ನಡೆಯಿತು. ಕರ್ಟನ್ನಿಗೂ ವಾಸನೆ ಹಿಡಿಯಿತು.

ಸೋಮವಾರ ಅವರು ಹೇಳಿದ್ದಕ್ಕಿಂತ ಬಹಳ ಮುಂಚೆ ಬಂದರು. ಫ್ರೀವೇ ಖಾಲಿ ಇತ್ತಂತೆ. ಬೇರೆ ದಿನವಾಗಿದ್ದರೆ ನನ್ನ ಕೈಕಾಲು ಆಡುತ್ತಿರಲಿಲ್ಲ. ಅವತ್ತು ಆರಾಮವಾಗಿ ಬಾಗಿಲು ತೆಗೆದೆ. ಒಡತಿಗೆ ಎಪ್ಪತ್ತರ ಆಸುಪಾಸು. ಗಿಡ್ಡ ಬಿಳಿಗೂದಲು, ಜೀನ್ಸು, ಇಸ್ತ್ರಿ ಮಾಡಿದ ನೀಲಿ ಶರ್ಟು. ಅವರ ಸೋದರಳಿಯ ಎತ್ತರದ ಆಸಾಮಿ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬಂದ. ಗರಾಜಿನಲ್ಲಿ ಅವನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಧೂಳು ಕೂತರೆ ಏನಾಗುತ್ತದೆ, ಬ್ಯಾಟರಿ ಯಾರು ಬದಲಾಯಿಸಬೇಕು, ಈಗ ಅವನು ಕೈಯಿಂದ ಮುಟ್ಟಿ ತಿಳಿಯುವುದಕ್ಕಿಂತ ಇದು ಏನು ಹೆಚ್ಚು ಹೇಳುತ್ತದೆ. ಆಕೆ ಹೆಚ್ಚು ಮಾತಾಡಲಿಲ್ಲ. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು.

ಊಟಕ್ಕೆ ಕೂತೆವು. ಎಲ್ಲವೂ ಯೋಜಿಸಿದ ಹಾಗೇ ನಡೆಯಿತು. ಮೈಕ್ರೋವೇವಿನಲ್ಲಿ ಬಸ್ಸಾರು ಬಿಸಿಯಾಯಿತು, ಕೋಸಂಬರಿಗೆ ಉಪ್ಪು ಬಿತ್ತು, ಪುಳಿಯೋಗರೆಯ ಮುಚ್ಚಳ ತೆಗೆದೆ. ಅಳಿಯ ಎಣ್ಣೆಗಾಯಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡ. ಚಟ್ನಿಪುಡಿಯನ್ನು ಬರೀ ಬೆರಳಲ್ಲೇ ಅದ್ದಿ ತಿಂದ. ಆಕೆ ಮಾತ್ರ ಬಸ್ಸಾರಿನ ಬಟ್ಟಲನ್ನು ಒಂದು ಸಲ ಮೂಗಿನ ಹತ್ತಿರ ತಂದು ಪಕ್ಕಕ್ಕಿಟ್ಟರು. ಕೋಸಂಬರಿ ತಿಂದರು, ಪುಳಿಯೋಗರೆ ಸ್ವಲ್ಪ ತಿಂದರು, ನೀರು ಕುಡಿದರು.

"ಖಾರ ಜಾಸ್ತಿ ಆಯ್ತಾ?" ಎಂದೆ.

"ಇಲ್ಲ ಇಲ್ಲ, ಚೆನ್ನಾಗಿದೆ," ಎಂದರು ಆಕೆ.

ಅಳಿಯ ನಗು ತಡೆಯಲಾರದೆ ತಟ್ಟೆ ನೋಡುತ್ತಿದ್ದ. "ಹೇಳಿಬಿಡಿ ಆಂಟಿ," ಎಂದ.

ಆಕೆ ನ್ಯಾಪ್ಕಿನ್ನಿನಿಂದ ತುಟಿ ಒರೆಸಿಕೊಂಡರು. "ನಾನು ಬೆಳ್ಳುಳ್ಳಿ ತಿನ್ನಲ್ಲ. ಚಿಕ್ಕವಳಿದ್ದಾಗಿಂದ ಆಗಿಬರಲ್ಲ, ಎದೆ ಉರಿಯತ್ತೆ. ಏನಾದರೂ ನಡೆಯುತ್ತೆ ಅಂತ ಮೇಲ್ ಬರೆದದ್ದು ಇವನು. ಅವನಿಗೇನೋ ನಡೆಯುತ್ತೆ." ಆಮೇಲೆ ಸ್ವಲ್ಪ ಮುಂದೆ ಬಾಗಿ, "ನಮ್ಮೂರಲ್ಲಿ ಯಾರ ಹತ್ರಾನೂ ಹೇಳಬೇಡಿ. ತಾನೇ ತಿನ್ನದವಳ ಹತ್ತಿರ ಬೆಳ್ಳುಳ್ಳಿ ಯಾರು ಕೊಳ್ತಾರೆ?" ಎಂದರು.

ಗೆಳತಿ ನನ್ನ ಮುಖ ನೋಡಿದಳು. ನಾನು ಮೇಜಿನ ಮೇಲಿದ್ದುದರಲ್ಲಿ ಇನ್ನೇನು ಉಳಿಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು, "ಏನಂತೆ ಆಯಮ್ಮಂಗೆ? ಉಣ್ಣಾಕಿಲ್ವಂತಾ?"

"ಅವರಿಗೆ ಬೆಳ್ಳುಳ್ಳಿ ಆಗಲ್ವಂತೆ ಅತ್ತೆ."

"ಅದ್ನೇ ಬೆಳೆದು ಮಾರೋರ್ಗಾ?" ಅತ್ತೆಗೆ ನಿಜವಾಗಿ ಆಶ್ಚರ್ಯವಾಗಿತ್ತು. ಆಕೆಯನ್ನೇ ಒಂದು ಸಲ ದಿಟ್ಟಿಸಿ ನೋಡಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಪುಟ್ಟ ಪಾತ್ರೆ ತೊವ್ವೆ, ಬಿಸಿ ಅನ್ನ. ಸೋಮವಾರ ಅತ್ತೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ನನ್ನ ಷರತ್ತನ್ನು ಲೆಕ್ಕಿಸದೆ, ನಾವು ಗರಾಜಿನಲ್ಲಿದ್ದಾಗ ತಮಗಷ್ಟಕ್ಕೆ ಒಲೆ ಹಚ್ಚಿ ಬೇಯಿಸಿಕೊಂಡಿದ್ದರು. ಅದರಲ್ಲಿ ಅರ್ಧವನ್ನು ಆಕೆಯ ತಟ್ಟೆಗೆ ಬಡಿಸಿದರು, ಇನ್ನರ್ಧವನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು. ಇದರಲ್ಲಿ ಬೆಳ್ಳುಳ್ಳಿ ಇಲ್ಲ ಎಂದು ನಾನು ಆಕೆಗೆ ಹೇಳಿದೆ.

ಆಕೆ ಒಂದು ಚಮಚ ಬಾಯಿಗಿಟ್ಟವರು ಹಾಗೇ ತಡೆದು ತಟ್ಟೆ ನೋಡಿದರು. "ಇದರಲ್ಲಿ ಬೆಳ್ಳುಳ್ಳಿ ಇಲ್ಲ ಅಂದ್ರಲ್ಲ?"

"ಇಲ್ಲ. ಖಂಡಿತ ಇಲ್ಲ."

"ಇದೆ. ಇಲ್ಲ, ಅದಲ್ಲ... ಅದರ ಹತ್ತಿರದ್ದೇನೋ. ಏನಿದು?"

ನಾನು ಅತ್ತೆಗೆ ಹೇಳಿದೆ. ಅತ್ತೆ ಎದ್ದು ಹೋಗಿ ಮೈಸೂರಿನಿಂದ ತಂದಿದ್ದ ಗಟ್ಟಿ ಇಂಗಿನ ಡಬ್ಬಿ ತಂದು ಮುಚ್ಚಳ ತೆಗೆದು ಆಕೆಯ ಮುಂದಿಟ್ಟರು. ಅಳಿಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಆಕೆ ಮಾತ್ರ ಮೂಗನ್ನು ಇನ್ನೂ ಹತ್ತಿರ ತಂದರು. ಆ ಬೆಳಿಗ್ಗೆಯಿಂದ ನೋಡಿರದ ಒಂದು ಕಳೆ ಅವರ ಮುಖಕ್ಕೆ ಬಂತು. ಬೆರಳಲ್ಲಿ ಒತ್ತಿದರು, ಉಗುರಿನಿಂದ ಗೀರಿದರು.

"ಇದು ಬೇರಾ? ಕಾಯಾ?"

"ಒಂದು ಗಿಡದ ಬೇರನ್ನ ಕೊಯ್ದರೆ ಬರೋ ಹಾಲು, ಗಟ್ಟಿಯಾಗಿ ಅಂಟಾಗತ್ತೆ."

"ಎಲ್ಲಿ ಬೆಳೆಯತ್ತೆ? ಎಷ್ಟು ದಿನ ಇಡಬಹುದು? ತೇವ ಆದರೆ ಏನಾಗತ್ತೆ?"

ಪೆಟ್ಟಿಗೆಯ ಬಗ್ಗೆ ಒಂದೂ ಪ್ರಶ್ನೆ ಕೇಳದಿದ್ದ ಆಕೆ ಇಂಗಿನ ಬಗ್ಗೆ ಕೇಳುತ್ತಲೇ ಹೋದರು. ಬೆಟ್ಟದ ಒಣ ನಾಡುಗಳಲ್ಲಿ ಬೆಳೆಯುತ್ತದೆ ಎನ್ನುವುದಕ್ಕಿಂತ ಹೆಚ್ಚು ನನಗೆ ತಿಳಿದಿರಲಿಲ್ಲ. ಅತ್ತೆಗೆ ಅಷ್ಟೂ ತಿಳಿದಿರಲಿಲ್ಲ. "ಅಂಗ್ಡೀಲಿ ಬೆಳೀತದೆ ಅಂದ್ಬುಡು" ಎಂದರು. ತೇವಕ್ಕೆ ಮಾತ್ರ ಉತ್ತರ ಕೊಟ್ಟರು. ತಮ್ಮ ಮನೆಯಲ್ಲಿ ಅದನ್ನು ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದರಂತೆ, ಮಳೆಗಾಲದಲ್ಲಿ ಕೆಳಗಿಟ್ಟರೆ ಅಂಟಂಟಾಗಿ ಡಬ್ಬಿ ಬಿಡುವುದಿಲ್ಲವಂತೆ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆಕೆ ತಲೆಯಾಡಿಸುತ್ತ ಅಳಿಯನ ಕಡೆ ತಿರುಗಿದರು.

"ಉತ್ತರದ ಗೋಡೆ ಪಕ್ಕದ ಶೆಡ್ಡು. ಅಲ್ಲಿ ಕೆಳಗಿನ ಸಾಲು ಯಾವಾಗಲೂ ಮೊದಲು ಕೆಡುತ್ತೆ ಅಲ್ವಾ? ನೀನು ಮುಟ್ಟಿ ನೋಡೋದು ಎದೆ ಎತ್ತರದಲ್ಲಿ."

ಅಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಕೆಳಗೊಂದು ಪೆಟ್ಟಿಗೆ, ಮೇಲೊಂದು ಹಾಕಿ ನೋಡಬಹುದು" ಎಂದ.

ಹಾಗೆ ಒಂದು ಶೆಡ್ಡಿಗೆ ಮಾತಾಯಿತು, ಒಂದು ಬೆಳೆಯ ಮಟ್ಟಿಗೆ. ಗೆಳತಿ ಎಲ್ಲ ಶೆಡ್ಡುಗಳನ್ನೂ ಬಯಸಿದ್ದಳು. ನನಗೆ ಒಂದಾದರೂ ಆಯಿತಲ್ಲ ಎನ್ನಿಸಿತು. ಹೊರಡುವಾಗ ಅತ್ತೆ ಇಂಗಿನ ಒಂದು ತುಂಡು ಮುರಿದು, ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ ಆಕೆಯ ಕೈಗೆ ಕೊಟ್ಟರು. ಅಳಿಯ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಕೊಂಡೇ ಹೋದ.

ಸಂಜೆ ಪಾತ್ರೆ ತೊಳೆಯುವಾಗ ಅತ್ತೆ ಕೇಳಿದರು, "ಅಲ್ಲಾ ಕಣವ್ವ, ಆ ಊರಲ್ಲಿದ್ಕೊಂಡು ಆಯಮ್ಮ ಮನೇಲಿ ಏನ್ ಮಾಡ್ಕೊಂಡು ಉಣ್ತಾಳೆ?" ಅದನ್ನು ಕೇಳಲು ನನಗೆ ಹೊಳೆದಿರಲಿಲ್ಲ.

ಜುಲೈನಲ್ಲಿ ಪೆಟ್ಟಿಗೆ ಹಾಕಲು ಗಿಲ್‌ರಾಯ್‌ಗೆ ಹೋದೆವು. ಶೆಡ್ಡಿನೊಳಗೆ ಛಾವಣಿಯವರೆಗೆ ಬೆಳ್ಳುಳ್ಳಿ, ಕಣ್ಣು ಹನಿಯುವಷ್ಟು ಘಾಟು. ಏಣಿ ಹತ್ತಿ ಇಳಿದು ಮುಗಿಸುವ ಹೊತ್ತಿಗೆ ಆಕೆ ಊಟಕ್ಕೆ ಮನೆಗೆ ಕರೆದರು. ಶೆಡ್ಡುಗಳಿಗೆ ಬೆನ್ನು ಮಾಡಿ ಕಟ್ಟಿದ ಪುಟ್ಟ ಮನೆ. ಬೀನ್ಸಿನ ಕಾಳು ಬೇಯಿಸಿದ್ದರು, ಜೊತೆಗೆ ಮುಸುಕಿನ ಜೋಳದ ರೊಟ್ಟಿ, ಹೆಚ್ಚಿದ ಟೊಮೇಟೊ. ಕಾಳಿನಲ್ಲಿ ಯಾವುದೋ ಸೊಪ್ಪಿನ ವಾಸನೆ. ಪುದೀನವಲ್ಲ, ಓಂಕಾಳಿನ ಎಲೆಯಲ್ಲ, ಸ್ವಲ್ಪ ಸೀಮೆಎಣ್ಣೆಯ ನೆನಪು ತರಿಸುವಂಥದ್ದು, ಆದರೂ ಇನ್ನೊಂದು ತುತ್ತು ಬೇಕು ಎನ್ನಿಸುವಂಥದ್ದು. ಏನಿದು ಎಂದೆ. ಆಕೆ ಹಿತ್ತಿಲಿಗೆ ಹೋಗಿ ಕಚ್ಚುಕಚ್ಚು ಅಂಚಿನ ಒಂದೆರಡು ಎಲೆ ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟರು, ಹೆಸರೂ ಹೇಳಿದರು, ಅದು ಮಾತ್ರ ನನ್ನ ನಾಲಿಗೆಗೆ ಹೊರಳಲಿಲ್ಲ.

ಅಷ್ಟರಲ್ಲಿ ಅತ್ತೆ ಮಂಡ್ಯಕ್ಕೆ ಮರಳಿದ್ದರು. ಎಲೆಯ ಫೋಟೋ ತೆಗೆದು ಕಳಿಸಿ, ಇದೇ ಆಯಮ್ಮನ ಊಟದ ಸೊಪ್ಪು, ನಮ್ಮ ಕಡೆ ಇದೆಯಾ ನೋಡಿ ಎಂದು ಕೇಳಿದೆ. ಮಾರನೆಯ ದಿನ ಅವರ ವಾಯ್ಸ್ ಮೆಸೇಜು ಬಂತು: "ಮೂಸ್‌ದೆ ಹೆಂಗವ್ವ ಹೇಳ್ಲಿ? ನೋಡಕ್ಕೆ ನಮ್ ಗದ್ದೆ ಬದಿನಲ್ಲಿ ಇರೋ ಒಂದು ಕಳೆ ಇದ್ದಂಗೈತೆ. ಈಗ್ಲೇ ಹೋಗಿ ಕಿತ್ಕೊಂಡ್ ಬಂದು ಕಾಳಿಗೆ ಹಾಕ್ ನೋಡ್ತೀನಿ."

ನಾನು ಗಾಬರಿಯಾಗಿ ತಕ್ಷಣ ಫೋನು ಮಾಡಿ, ಗೊತ್ತಿಲ್ಲದ ಸೊಪ್ಪು ಬಾಯಿಗೆ ಹಾಕಬೇಡಿ ಎಂದೆ. ಅವರು ಆಗಲೇ ಗದ್ದೆಯ ದಾರಿಯಲ್ಲಿದ್ದರು.