ಪ್ರೆಸ್ಸಿನ ಗಾರ್ಡು

ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು ಶಶಿಕಲಾಳ ಬಲಗೈ ಬೆರಳುಗಳನ್ನು ನುಂಗಿದ ದಿನ, ಕೈಗೆ ಅಡ್ಡವಿರಬೇಕಾದ ಕಬ್ಬಿಣದ ಗಾರ್ಡು ಮೂಲೆಯಲ್ಲಿ ಬಿದ್ದಿತ್ತು. ಅದಿದ್ದರೆ ಕೆಲಸ ನಿಧಾನವೆಂದು ಓನರೇ ಬಿಚ್ಚಿಸಿದ್ದ. ಆಸ್ಪತ್ರೆಗೆ ಸೇಬು ಹಿಡಿದು ಬಂದವನೂ ಅವನೇ. ಅಂಥವರಿಗೆ ನಾಚಿಕೆ ಎಲ್ಲಿಂದ ಬರಬೇಕು?

ಗುಬ್ಬಿಯಲ್ಲಿದ್ದ ಅವಳ ಗಂಡನ ಮನೆಯವರು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದರು. ಹೋದ ಕೈಗೆ ಬದಲಾಗಿ ಮನೆಯ ಇನ್ನೊಬ್ಬರಿಗೆ ಕೆಲಸ ಕೇಳಿದರು. ಓನರು ದೊಡ್ಡ ಮನಸ್ಸಿನವನಂತೆ ಒಪ್ಪಿ, ಶಶಿಕಲಾಳ ಗಂಡನ ತಂಗಿ ಸುಶ್ಮಿತಾಳನ್ನು ಸೇರಿಸಿಕೊಂಡ. ಖಾಲಿ ಇದ್ದದ್ದು ಅದೇ ಪ್ರೆಸ್ಸು. ಅಂದಿನಿಂದ ಶಶಿಕಲಾ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಬದುಕಿದಳು.

ಪರಿಹಾರದ ದಾವೆ ಹಾಕಿದ್ದ ತುಮಕೂರಿನ ವಕೀಲ ಲಕ್ಷ್ಮೀನರಸಿಂಹಯ್ಯನವರನ್ನು ಕೇಳಿದಳು.

"ಸಾರ್, ದುಡ್ಡು ಹಂಗಿರ್ಲಿ. ಅವ್ನಿಗೆ ಬುದ್ಧಿ ಬರೋ ಹಂಗೆ ದಂಡ ಹಾಕ್ಸಕ್ಕಾಗಲ್ವಾ?"

"ಅಮೆರಿಕದಲ್ಲಾದ್ರೆ ಹಾಕ್ತಾರೆ ಕಣಮ್ಮ, ಬೇರೆ ಓನರುಗಳೂ ಹೆದರ್ಬೇಕು ಅಂತ. ಜರ್ಮನಿ ಕೋರ್ಟು ಅದನ್ನ ಒಪ್ಪಲ್ಲ. ನಮ್ಮಲ್ಲಿ ಅಪರೂಪಕ್ಕೆ ಇದೆ, ನಿನ್ನಂಥ ಕೇಸಲ್ಲಿ ನಾನಂತೂ ಕಂಡಿಲ್ಲ. ನೀನು ಕಳ್ಕೊಂಡಿದ್ದು ಏನು ಅಂತ ನೋಡ್ತಾರೆ, ಅವ್ನು ಎಷ್ಟು ಕೆಟ್ಟೋನು ಅಂತಲ್ಲ."

"ಆ ಪರಿಹಾರನೂ ಇನ್ಶೂರೆನ್ಸ್‌ನೋರೇ ಕಟ್ತಾರೆ. ಅವ್ನಿಗೇನಾಯ್ತು?"

ಆಗ ಶಶಿಕಲಾ ತಾನೇ ಓನರಿಗೆ ಒಂದು ಶರತ್ತು ಹಾಕಿದಳು: ಗಾರ್ಡು ಕೂರಿಸಿದರೆ ದಾವೆ ವಾಪಸ್. ವಕೀಲರು ಬೈದರು. ಗಂಡ ಮುಖ ತಿರುಗಿಸಿದ. ಓನರು ಮಾತ್ರ ಖುಷಿಯಿಂದ ಅವಳ ಕಣ್ಣೆದುರೇ ಬೋಲ್ಟು ಬಿಗಿಸಿದ. ಅವಳು ಎಡಗೈಯಲ್ಲಿ ಸೊಟ್ಟಪಟ್ಟ ಸಹಿ ಹಾಕಿ, ಗುಬ್ಬಿ ಬಸ್ಸಿನಲ್ಲಿ ನೆಮ್ಮದಿಯಿಂದ ಅತ್ತಳು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಸುಶ್ಮಿತಾ ಎಂದಿನಂತೆ ಅತ್ತಿಗೆಯ ಜಡೆ ಹೆಣೆಯುತ್ತಿದ್ದಳು. ಆ ಕೆಲಸ ಶಶಿಕಲಾಳ ಕೈಲಿ ಈಗ ಆಗುವುದಿಲ್ಲ.

"ಗಾರ್ಡು ಸರಿಯಾಗಿ ಐತೇನೇ?"

ಹೆಣೆಯುವ ಕೈ ನಿಂತಿತು.

"ಪೀಸು ಕಮ್ಮಿ ಬಂದ್ರೆ ಮನೆಗೆ ಕಳಿಸ್ತೀನಿ ಅಂದ್ರು ಓನರು, ಅತ್ತಿಗೆ. ಗಾರ್ಡು ಇದ್ರೆ ಟಾರ್ಗೆಟ್ ಮುಟ್ಟಲ್ಲ."

"ಅವ್ನೇ ತೆಗ್ಸಿದ್ನಾ?"

"ಇಲ್ಲ. ಬಿಚ್ಚು ಅಂತ ಅವ್ರೇನೂ ಹೇಳ್ಲಿಲ್ಲ. ನಾನೇ ಬಿಚ್ಚಿದೆ."

ಇನ್ನು ಏನಾದರೂ ಆದರೆ ತಪ್ಪು ಓನರದ್ದೂ ಅಲ್ಲ. ದಾವೆಯೂ ಇಲ್ಲ, ಹೆದರಿಸಲು ಕೈಯಲ್ಲಿ ಏನೂ ಉಳಿದಿಲ್ಲ. ಶಶಿಕಲಾ ಸಿಟ್ಟಿನಿಂದ ಎದ್ದು ನಿಲ್ಲಹೋದಳು.

"ಅಲ್ಲಾಡ್ಬೇಡಿ ಅತ್ತಿಗೆ, ಬಸ್ಸಿಗೆ ಹೊತ್ತಾಯ್ತು."

ಆ ಬೆರಳುಗಳು ಮತ್ತೆ ಅವಳ ಕೂದಲಲ್ಲಿ ಬೇಗ ಬೇಗ ಓಡಾಡತೊಡಗಿದವು. ಶಶಿಕಲಾ ಅಲ್ಲಾಡದೆ ಕೂತಳು.